ಶಿವಗಂಗಾಳ ಊಟ

ಗೋಕುಲ ರಸ್ತೆಯ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರ ಕೊರಳಲ್ಲೂ ಕ್ಯಾನ್ಸರ್ ಸಂಶೋಧನೆಯ ಲ್ಯಾಬಿನ ಗುರುತಿನ ಚೀಟಿ. ಕಿರಿಯಾಕೆ ಮಾತು ತೆಗೆದಳು.

"ಶಿವಗಂಗಾನ ಅವ್ವ ಬಂದಿದ್ರು, ಅಕ್ಕಾರ."

"ಆ ಹುಡುಗಿ ತೀರಿಕೊಂಡು ವರ್ಷಾತಲ್ಲ?"

"ಹೌದ್ರಿ. ಆಕಿ ಕ್ಯಾನ್ಸರ್ ಗಡ್ಡಿಯಿಂದ ತಗದ ಜೀವಕೋಶ ನಮ್ಮ ಲ್ಯಾಬಿನ್ಯಾಗ ಇನ್ನೂ ಬೆಳ್ಯಾಕತ್ತಾವು ಅಂತ ಡಾಕ್ಟರ್ ಅವರಿಗೆ ಹೇಳ್ಯಾರಲ್ರಿ. ಹಂಗಾರ ಆಕಿಗೆ ಉಣ್ಣಾಕ ಏನ್ ಕೊಡ್ತೀರಿ ಅಂತ ಕೇಳಿದ್ರು."

"ಜೀವಕೋಶ ಬೆಳ್ಯಾಕ ಹಾಕೋ ರಸ ಕರುವಿನ ರಕ್ತದಿಂದ ಮಾಡಿದ್ದು ಅಂತ ಹೇಳಿದೇನ?"

"ಹೆಂಗ ಹೇಳ್ಲಿರಿ? ಲಿಂಗ ಕಟ್ಟಿದ ಮಂದಿ, ತತ್ತಿ ಸೈತ ಮುಟ್ಟಂಗಿಲ್ಲ. ಸಕ್ಕರಿ ನೀರು ಅಂದೆ."

"ಅದರಾಗ ಸಕ್ಕರಿನೂ ಇರ್ತೈತಿ ಬಿಡು."

"ಬರೇ ನೀರು ಕುಡದು ಹೆಂಗ ಇರ್ತಾಳವಾ ಅಂತ ಅತ್ತರು. ಆಮ್ಯಾಲ ಚೀಲದಾಗಿಂದ ಈ ಡಬ್ಬಿ ತಗದ್ರು. ಗೋದಿ ಹುಗ್ಗಿ."

"ನೀ ಇಸ್ಕೊಂಡಿ?"

"ಇಸ್ಕೊಂಡೆರಿ. ಮುಂದಿನ ಸೋಮವಾರ ಡಬ್ಬಿ ಒಯ್ಯಾಕ ಬರ್ತಾರಂತ. ಆಕಿ ಉಳಿಸಿದ್ರ ನನಗ ಹೇಳವಾ, ಬೈತೀನಿ, ಅಂದು ಹೋದ್ರು."

ಧಾರವಾಡದ ಬಸ್ಸು ಬಂತು. ಏಳುವಾಗ ಹಿರಿಯಾಕೆ ಆ ಡಬ್ಬಿಯನ್ನು ತನ್ನ ಚೀಲದೊಳಗೆ ಇಟ್ಟುಕೊಂಡಳು. "ಸೋಮವಾರ ಖಾಲಿ ಮಾಡಿ ತೊಳದು ತರ್ತೀನಿ," ಅಂದಳು.