ಖಾಲಿ ಸೀಟಿನ ಬೆಲ್ಟು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವಾಗ ಮಾಚೇನಹಳ್ಳಿ ಹತ್ರ ರಸ್ತೆ ಪಕ್ಕ ಒಂದು ಹಾಳು ಬಾವಿ ಇದೆ. ನಮ್ಮ ಚಿಕ್ಕಪ್ಪನ ಹೆಣ್ಮಕ್ಕಳಿಬ್ಬರು ಹೋದ ವರ್ಷ ಕತ್ತಲಲ್ಲಿ ಆ ಬಾವಿ ದಾಟ್ಕೊಂಡು ನಡ್ಕೊಂಡು ಬಂದ್ರು. ಕಾರಿತ್ತು. ಪೆಟ್ರೋಲಿತ್ತು. ಕೀನೂ ಕಾರಲ್ಲೇ ಇತ್ತು... ಆದ್ರೂ ನಡ್ಕೊಂಡೇ ಬಂದ್ರು.

ಯಾಕೆ ಅಂತ ಹೇಳ್ತೀನಿ. ಲೈಟ್ ಹಾಕೋದು ಬೇಡ, ಹಾಗೇ ಕೂತ್ಕೊಳ್ಳಿ.

ದೊಡ್ಡವಳು ರಶ್ಮಿ. ದುರ್ಗಿಗುಡೀಲಿ ಅಪ್ಪನ ಮನೇಲೇ ಇದ್ದಾಳೆ, ಸ್ಕೂಲ್ ಟೀಚರ್. ಚಿಕ್ಕವಳು ಅಕ್ಷರಾ, ಮದುವೆಯಾಗಿ ನವುಲೇಲಿ ಇದ್ದಾಳೆ. ಇಬ್ಬರ ನಡುವೆ ಮಾತಿಲ್ಲ. ಅಕ್ಷರಾ ಗಂಡ ವೀರೇಂದ್ರನ ಕಡೆಯವರು ಮೊದಲು ಹೆಣ್ಣು ನೋಡೋಕೆ ಬಂದದ್ದು ರಶ್ಮೀನ. ರಶ್ಮಿ ಉಪ್ಪಿಟ್ಟಿನ ತಟ್ಟೆ ಕೊಟ್ಟಳು, ಅಕ್ಷರಾ ಹಿಂದೆ ಕಾಫಿ ತಂದಳು. ಆಮೇಲೆ ಫೋನ್ ಬಂತು, ಚಿಕ್ಕವಳನ್ನ ಕೊಡ್ತೀರಾ ಅಂತ. ಅಕ್ಷರಾ ಬೇಡ ಅನ್ನಲಿಲ್ಲ. ಅಷ್ಟೇ... ಅವತ್ತಿಂದ ಒಬ್ಬಳಿರೋ ಕೋಣೆಗೆ ಇನ್ನೊಬ್ಬಳು ಕಾಲಿಡಲ್ಲ.

ಅವತ್ತು ಭದ್ರಾವತೀಲಿ ನಮ್ಮ ಸೋದರತ್ತೆ ದಾಕ್ಷಾಯಣಿ ಮನೇಲಿ ಮೊಮ್ಮಗಳ ನಾಮಕರಣ. ಸಂಜೆ ಬಸ್ಸಿಗೆ ಅಂತ ಹೊರಟಿದ್ದ ರಶ್ಮೀನ ಅತ್ತೆ ಕೈ ಹಿಡಿದು ಎಳ್ಕೊಂಡು ಬಂದು ಅಕ್ಷರಾ ಕಾರಿನ ಹತ್ರ ನಿಲ್ಲಿಸಿದ್ರು.

"ಕತ್ತಲಾಗ್ತಿದೆ ಮಾರಾಯ್ತಿ. ನಿಮ್ಮ ಜಗಳ ನಾಳೆಗಿಟ್ಕೊಳ್ಳಿ."

ಅಕ್ಷರಾ ಒಳಗಿಂದ ಬಗ್ಗಿ ಮುಂದಿನ ಬಾಗಿಲು ತೆಗೆದಳು. ರಶ್ಮಿ ಅದನ್ನ ಮುಚ್ಚಿ, ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು.

"ನಾನೇನು ನಿನ್ನ ಡ್ರೈವರಾ?"

"ಕಷ್ಟ ಆದ್ರೆ ಇಳಿಸು. ಬಸ್ಸಿದೆ."

ಅಕ್ಷರಾ ಗಾಡಿ ತೆಗೆದಳು. ಹಳೇ ಗಾಡಿ ಅಂದ್ಕೋಬೇಡಿ. ಷೋರೂಮಿಂದ ಅವಳೇ ಓಡಿಸ್ಕೊಂಡು ಬಂದ ಹೊಸ ಕಾರು. ಅದಕ್ಕೊಂದು ಹಿಂದಿನ ಕತೆ ಅಂತ ಏನೂ ಇರಲಿಲ್ಲ.

ಊರು ದಾಟಿದ್ರು. ಆಗ...

ಟಣ್... ಟಣ್... ಟಣ್...

ಮೀಟರ್ ಪಕ್ಕ ಕೆಂಪು ದೀಪ. ಪಕ್ಕದ ಸೀಟಲ್ಲಿ ಕೂತವರು ಬೆಲ್ಟ್ ಹಾಕದಿದ್ರೆ ಹೊಡ್ಕೊಳೋ ಗಂಟೆ ಅದು, ನಿಮಗೆ ಗೊತ್ತಿರತ್ತೆ. ಸೀಟಿನ ಮೇಲೆ ಭಾರ ಇದ್ರೆ ಮಾತ್ರ ಹೊಡ್ಕೊಳತ್ತೆ. ಬೆಲ್ಟ್ ಹಾಕಿದ್ರೆ ನಿಲ್ಲತ್ತೆ. ಸೀಟಿಂದ ಎದ್ದರೂ ನಿಲ್ಲತ್ತೆ.

"ನಿನ್ನ ಬ್ಯಾಗು ಮುಂದೆ ಯಾಕಿಟ್ಟೆ? ತೆಗಿ" ಅಂದಳು ಅಕ್ಷರಾ.

"ಬ್ಯಾಗು ನನ್ನ ತೊಡೆ ಮೇಲಿದೆ."

ಅಕ್ಷರಾ ಕಣ್ಣು ಹೊರಳಿಸಿ ನೋಡಿದಳು. ಸೀಟು ಖಾಲಿ. ಆದರೆ ನಡುವೆ ತಗ್ಗಾಗಿತ್ತು... ಯಾರೋ ಕೂತಾಗ ಮೆತ್ತೆ ಒಳಗೆ ಹೋಗಿರತ್ತಲ್ಲ, ಹಾಗೆ.

ಮಾಚೇನಹಳ್ಳಿ ಹತ್ರ ರಸ್ತೆ ಕೆಲಸ ನಡೀತಿತ್ತು. ಎರಡೂ ಕಡೆ ಗಾಡಿ ಒಂದೇ ಬದೀಲಿ. ಬಲಕ್ಕೆ ಎದುರಿಂದ ಲಾರಿಗಳ ಸಾಲು. ಮುಂದೆ ಒಂದು ಟ್ರ್ಯಾಕ್ಟರು, ಟ್ರೈಲರ್ ತುಂಬ ಕೂಲಿ ಮುಗಿಸಿ ಹೊರಟ ಹೆಂಗಸರು. ಹಿಂದಿನ ಅಂಚಲ್ಲಿ ಕಾಲು ಇಳಿಬಿಟ್ಕೊಂಡು ಸಾಲಾಗಿ ಕೂತಿದ್ರು. ಅಕ್ಷರಾ ಬ್ರೇಕ್ ಒತ್ತಿದಳು.

ಫಸ್... ಪೆಡಲು ನೆಲ ಮುಟ್ಟಿತು. ಗಾಡಿ ನಿಧಾನ ಆಗಲಿಲ್ಲ. ಬ್ರೇಕಿನ ಕೆಂಪು ದೀಪ ಹತ್ಕೊಂಡಿತು. ಮತ್ತೆ ಒತ್ತಿದಳು. ಫಸ್... ಅವಳ ಕಾಲು ಆಕ್ಸಿಲರೇಟರ್ ಮೇಲೆ ಇರಲೇ ಇಲ್ಲ. ಆದ್ರೂ ಸ್ಪೀಡಿನ ಮುಳ್ಳು ಮೇಲೆ ಮೇಲೆ ಏರ್ತಾ ಇತ್ತು.

"ಬ್ರೇಕ್ ಹಿಡೀತಿಲ್ಲ" ಅಂದಳು ಪಿಸುದನೀಲಿ.

"ಸರಿಯಾಗಿ ಒತ್ತು."

"ಒತ್ತಾನೇ ಇದೀನಿ. ಹಿಡೀತಿಲ್ಲ... ಅಕ್ಕಾ."

ಅಕ್ಕ ಅಂತ ಅವಳ ಬಾಯಲ್ಲಿ ಬಂದು ಎಷ್ಟೋ ವರ್ಷ ಆಗಿತ್ತು. ರಶ್ಮಿ ಬ್ಯಾಗು ಎಸೆದು ಎರಡು ಸೀಟಿನ ನಡುವೆ ಮುಂದಕ್ಕೆ ಬಾಗಿದಳು. ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದಳು.

ಅಲ್ಲಿ ಆಗಲೇ ಒಂದು ಕೈ ಇತ್ತು.

ತಣ್ಣಗೆ... ಒದ್ದೆ. ಹ್ಯಾಂಡ್‌ಬ್ರೇಕ್ ಮೇಲೇಳದ ಹಾಗೆ ಅದುಮಿ ಹಿಡ್ಕೊಂಡಿತ್ತು.

"ಕೈ ತೆಗಿ ಅಕ್ಷರಾ."

"ನನ್ನ ಎರಡೂ ಕೈ ಸ್ಟೇರಿಂಗ್ ಮೇಲಿದೆ..."

ರಶ್ಮಿ ನೋಡಿದಳು. ಹೌದು, ಎರಡೂ ಅಲ್ಲೇ ಇತ್ತು. ಟಣ್ ಟಣ್ ಟಣ್ ಟಣ್, ಗಂಟೆ ಈಗ ಬಿಡುವಿಲ್ಲದೆ ಹೊಡ್ಕೊಳ್ತಿತ್ತು. ಹೆಡ್‌ಲೈಟಿನ ಬೆಳಕು ಟ್ರೈಲರಿನ ಹೆಂಗಸರ ಮುಖದ ಮೇಲೆ ಬಿತ್ತು. ಒಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದಳು.

ರಶ್ಮಿಗೆ ಆಗ ಏನು ಹೊಳೀತೋ. ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು ಅಂತಾಳೆ. ಮುಂದಿನ ಸೀಟಿನ ಬೆಲ್ಟು ಎಡಗಡೆ ಬಾಗಿಲ ಪಕ್ಕ ನೇತಾಡ್ತಿತ್ತು. ಅದನ್ನ ಹಿಡಿದು ಸರ್ರಂತ ಎಳೆದಳು. ಖಾಲಿ ಸೀಟಿನ ಅಡ್ಡಕ್ಕೆ ತಂದಳು. ಅದು ಸಲೀಸಾಗಿ ಬರಲಿಲ್ಲ, ಏನನ್ನೋ ಬಳಸ್ಕೊಂಡು ಬಂತು. ಹಲ್ಲು ಕಚ್ಚಿ ಕೊಕ್ಕೆಗೆ ಒತ್ತಿದಳು.

ಟಕ್.

ಗಂಟೆ ನಿಂತಿತು. ಹ್ಯಾಂಡ್‌ಬ್ರೇಕ್ ಮೇಲಿನ ಕೈ ಇಲ್ಲ. ರಶ್ಮಿ ಎರಡೂ ಕೈಯಿಂದ ಎತ್ತಿದಳು. ಕರ್‌ರ್‌ರ್... ಟೈರು ಕಿರುಚಿತು. ಅಕ್ಷರಾ ಎಡಕ್ಕೆ ತಿರುಗಿಸಿದಳು. ಕಾರು ರಸ್ತೆ ಇಳಿದು, ಕೆಲಸಕ್ಕೆ ಸುರಿದಿದ್ದ ಮಣ್ಣಿನ ಗುಡ್ಡೆಗೆ ಮೂತಿ ಹೂತು ನಿಂತಿತು. ಟ್ರ್ಯಾಕ್ಟರು ತನ್ನ ಪಾಡಿಗೆ ತಾನು ಹೋಯ್ತು.

ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ನಿಧಾನ ಪಕ್ಕಕ್ಕೆ ನೋಡಿದ್ರು.

ಬೆಲ್ಟು ಸೀಟಿಗೆ ಅಂಟ್ಕೊಂಡಿರಲಿಲ್ಲ. ಮುಂದಕ್ಕೆ ಉಬ್ಬಿ ನಿಂತಿತ್ತು. ಉಬ್ಬಿ... ಸ್ವಲ್ಪ ಇಳಿದು... ಮತ್ತೆ ಉಬ್ಬಿ...

ಬಾಗಿಲು ತೆಗೆದವರು ಮುಚ್ಚಲೂ ಇಲ್ಲ. ಚಪ್ಪಲಿ ಅಲ್ಲೇ ಬಿತ್ತು. ನಡೆದ್ರು. ಓಡಿದ್ರೆ ಅದಕ್ಕೆ ಗೊತ್ತಾಗತ್ತೆ ಅಂತ ಇಬ್ಬರಿಗೂ ಅನ್ನಿಸ್ತಂತೆ.

"ಹಿಂದೆ ಕೂತು ಜಂಬ ಮಾಡಿದೆಯಲ್ಲ" ಅಂದಳು ಅಕ್ಷರಾ ಅಳ್ತಾ. "ಮುಂದೆ ಕೂತಿದ್ರೆ ಸೀಟು ಖಾಲಿ ಇರ್ತಿರಲಿಲ್ಲ."

"ಖಾಲಿ ಇರ್ಲಿಲ್ಲ ಅಂದಿದ್ರೆ ಅದು ನನ್ನ ಮೇಲೆ ಕೂರ್ತಿತ್ತು. ಬಾಯಿ ಮುಚ್ಕೊಂಡು ನಡಿ."

ಬಾವಿ ಹತ್ರ ಬಂದ್ರು. ಲಾರಿಗಳ ಸಾಲು ಮುಗಿದಿತ್ತು, ಕಪ್ಪೆ ಸದ್ದೂ ಇಲ್ಲ. ಆಗ ಹಿಂದಿನಿಂದ, ಕಾರಿನ ಕಡೆಯಿಂದ ಕೇಳಿಸಿತು. ಟಕ್.

ಆಮೇಲೆ... ಟಣ್... ಟಣ್...

ಬೆಲ್ಟು ಬಿಚ್ಚಿತ್ತು.

"ತಿರುಗಬೇಡ" ಅಂದಳು ರಶ್ಮಿ. ತಂಗಿ ಕೈ ಹಿಡಿದಳು.

ಟಣ್...

ಗಂಟೆ ನಿಂತುಬಿಡ್ತು. ಸೀಟಿಂದ ಎದ್ದಿತ್ತು.

ಅಲ್ಲಿಂದ ಒಂದು ಮನೆ ದೀಪ ಕಾಣೋ ತನಕ ಹೇಗೆ ಬಂದ್ವಿ ಅಂತ ಇಬ್ಬರೂ ಹೇಳಲ್ಲ. ಆ ಮನೆಯ ಶೇಷಮ್ಮ ಅನ್ನೋರು ಒಳಗೆ ಕರೆದು ನೀರು ಕೊಟ್ಟು, ವೀರೇಂದ್ರನಿಗೆ ಫೋನ್ ಮಾಡಿಸಿದ್ರು. ಅವನು ಬರೋ ತನಕ ರಶ್ಮಿ ತಂಗಿ ಕೈ ಬಿಟ್ಟಿರಲಿಲ್ಲ. ಅವನ ಬೈಕಿನ ಬೆಳಕು ಅಂಗಳಕ್ಕೆ ಬೀಳ್ತಾ ಇದ್ದ ಹಾಗೆ ಬಿಟ್ಟಳು.

ಜಗಳ ಮುಗೀತು ಅಂದ್ಕೊಂಡ್ರಾ? ಇಲ್ಲ. ಈಗಲೂ ಮಾತಿಲ್ಲ. ಅಕ್ಷರಾ ಬಿಳಿ ಅಂದ್ರೆ ರಶ್ಮಿ ಕಪ್ಪು ಅಂತಾಳೆ. ನಾನು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೀನಿ. ಇದೊಂದು ವಿಷಯದಲ್ಲಿ ಮಾತ್ರ ಇಬ್ಬರದ್ದೂ ಒಂದೇ ಮಾತು. ಸುಳ್ಳು ಹೇಳೋಕೆ ಅವರಿಬ್ಬರು ಒಂದಾಗ್ತಾರೆ ಅಂದ್ರೆ ನಾನಂತೂ ನಂಬಲ್ಲ.

ಮಾರನೇ ದಿನ ವೀರೇಂದ್ರನ ಜೊತೆ ನಾನೇ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಮಂಜಪ್ಪ ಗಾಡಿ ಎತ್ತಿ, ಇಳಿಸಿ, ಓಡಿಸಿ ನೋಡಿದ. ಬ್ರೇಕಲ್ಲಿ ಏನೂ ದೋಷ ಇಲ್ಲ ಅಂದ. ಆಮೇಲೆ ಎಡಗಡೆ ಬಾಗಿಲು ತೆಗೆದು, ಪಕ್ಕದ ಸೀಟಿನ ಕಾಲಡಿ ಬಗ್ಗಿ, "ಸಾರ್, ಇಲ್ಲಿ ಯಾರು ಕೂರ್ತಾರೆ?" ಅಂತ ಕೇಳಿದ. ಆ ಕಡೆ ಪೆಡಲು ಇರಲ್ಲ, ಏನೂ ಇರಲ್ಲ. ಹೊಸ ಮ್ಯಾಟು, ಆಕ್ಸಿಲರೇಟರ್ ಒತ್ತೋರ ಬಲಗಾಲು ಬರೋ ಜಾಗದಲ್ಲಿ ಸವೆದು ತೂತಾಗಿತ್ತು. ಅದರಡಿಯ ತಗಡು ಒಂದು ಪಾದದಗಲ ಕೆಳಕ್ಕೆ ಬಗ್ಗಿತ್ತು. ನಾನು ಕೈಯಿಟ್ಟು ನೋಡಿದೀನಿ.