ಸಾಹುಕಾರನ ಗೇಟಿನಲ್ಲಿ ನಿಲ್ಲುತ್ತಿದ್ದ ಬಸ್ಸು

ಒಂದು ಸಣ್ಣ ತಾಲ್ಲೂಕು. ಅಲ್ಲೊಬ್ಬ ಸಾಹುಕಾರ. ಸಾಹುಕಾರ ಅಂದ ಕೂಡಲೇ ಕೆಟ್ಟವನು ಅಂದುಕೊಳ್ಳಬೇಡಿ, ಒಳ್ಳೆಯವನೇ. ಸ್ವಂತ ಬಸ್ಸುಗಳನ್ನು ಓಡಿಸುತ್ತಿದ್ದ. ಪ್ರತಿ ಬಸ್ಸಿನಲ್ಲೂ ಡ್ರೈವರನ ತಲೆಯ ಮೇಲೆ ಬೋರ್ಡು ಬರೆಸಿದ್ದ: ‘ಸಮಯಪಾಲನೆಯೇ ನಮ್ಮ ಸೇವೆ’. ಬಸ್ಸು ತಡವಾಯಿತೋ, ಡ್ರೈವರನಿಗೆ ಮಂಗಳಾರತಿ. ಊರ ಮುಂದೆ ಅಪ್ಪನ ಹೆಸರಿನಲ್ಲಿ ತಂಗುದಾಣ ಕಟ್ಟಿಸಿದ್ದ. ಕೂರುವುದಕ್ಕೆ ಕಲ್ಲುಬೆಂಚು, ಕುಡಿಯುವುದಕ್ಕೆ ತಣ್ಣನೆ ನೀರು. ಇನ್ನೇನು ಬೇಕು ಹೇಳಿ?

ಅವನೂ ದಿನಾ ತನ್ನದೇ ಒಂದು ಬಸ್ಸಿನಲ್ಲಿ ಪೇಟೆಗೆ ಹೋಗುತ್ತಿದ್ದ. ಬಸ್ಸು ಮೊದಲು ಅವನ ಮನೆ ಗೇಟಿಗೆ ಬಂದು ಹಾರ್ನ್ ಹೊಡೆಯಬೇಕು. ಅವನು ಕಾಫಿ ಮುಗಿಸಿ, ಶಾಲು ಹೊದ್ದು, ಚಪ್ಪಲಿ ಮೆಟ್ಟಿಕೊಂಡು ಬರುವವರೆಗೂ ಅದು ಗುರುಗುಟ್ಟುತ್ತಾ ನಿಂತಿರಬೇಕು. ನಗಬೇಡಿ, ನಿಮ್ಮೂರಲ್ಲೂ ಇದೆ ಇದು!

ಗೇಟಿನ ಮುಂದೆ ದಿನಾ ಬೆಳಗ್ಗೆ ಒಂದಷ್ಟು ಜನ. ಅದರಲ್ಲೂ ಒಬ್ಬ ಹೆಂಗಸು, ಮುಖ ಊದಿದ ಗಂಡನ ತೋಳು ಹಿಡಿದುಕೊಂಡು, ದಿನ ಬಿಟ್ಟು ದಿನ ತಪ್ಪದೆ ಬಂದು ಕೈ ಮುಗಿದು ನಿಲ್ಲುತ್ತಿದ್ದಳು. ಸಾಹುಕಾರನ ಎದೆ ಉಬ್ಬುತ್ತಿತ್ತು. “ನೋಡೇ, ಜನಕ್ಕೆ ನನ್ನ ಮೇಲೆ ಎಂಥಾ ಪ್ರೀತಿ! ನನ್ನ ಮುಖ ನೋಡದೆ ದಿನ ಶುರು ಮಾಡಲ್ಲ” ಎಂದು ಹೆಂಡತಿಗೆ ಹೇಳಿಕೊಳ್ಳುತ್ತಿದ್ದ. ಅಷ್ಟು ಚೆಂದದ ತಂಗುದಾಣ ಬಿಟ್ಟು ಇವರೆಲ್ಲ ಇಲ್ಲಿಗೆ ಯಾಕೆ ಬರುತ್ತಾರೆ? ಒಂದು ದಿನವೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಗೊತ್ತು ಅಂದುಕೊಂಡಿದ್ದ. ಗೊತ್ತು ಅಂದುಕೊಂಡವನಿಗೆ ಕುತೂಹಲ ಎಲ್ಲಿಂದ ಬರಬೇಕು ಸ್ವಾಮಿ?

ಹೀಗಿರುವಾಗ ಅವನು ಹೊಸ ಕಾರು ತಂದ. ಪೂಜೆ ಆಯಿತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾಯಿತು, ಗೇಟಿನಲ್ಲಿದ್ದವರಿಗೆಲ್ಲ ಮೈಸೂರುಪಾಕು. ಎಲ್ಲರೂ “ಚೆಂದಾಗದೆ ಬುದ್ಧಿ” ಎಂದರು. ಆ ಹೆಂಗಸು ಮಾತ್ರ ಸಿಹಿಯನ್ನು ಅಂಗೈಯಲ್ಲೇ ಹಿಡಿದುಕೊಂಡು ಹತ್ತಿರ ಬಂದಳು.

“ಕಾರು ಇರ್ಲಿ ಬುದ್ಧಿ. ಆದ್ರೆ ನೀವು ಬಸ್ಸಲ್ಲೇ ಹೋಗಿ.”

“ಅದ್ಯಾಕಮ್ಮಾ?”

“ಏನಿಲ್ಲ, ಬುಡಿ” ಎಂದು ಸೆರಗು ಬಾಯಿಗಿಟ್ಟುಕೊಂಡು ಹೊರಟೇಹೋದಳು.

ಅಲ್ಲಿ ಹುಟ್ಟಿತು ನೋಡಿ, ಕುತೂಹಲ! ಹೊಟ್ಟೆಕಿಚ್ಚೇ? ಹೊಟ್ಟೆಕಿಚ್ಚಿನ ಮುಖ ಹಾಗಿರುವುದಿಲ್ಲ. ಮತ್ತೇನು? ಕಾರಿನಲ್ಲಿ ಮೆತ್ತಗೆ ಕೂತು ಓಡಾಡಿದರೂ ಆ ಮಾತು ತಲೆ ಕೊರೆಯುತ್ತಲೇ ಇತ್ತು. ಅಷ್ಟೇ ಅಲ್ಲ, ಗೇಟಿನ ಮುಂದೆ ಈಗ ಒಂದು ನರಪಿಳ್ಳೆಯೂ ಇಲ್ಲ. ಪ್ರೀತಿ ಅಷ್ಟು ಬೇಗ ಆರಿಹೋಯಿತೇ? ಒಂದು ಬೆಳಗ್ಗೆ ತಡೆಯಲಾರದೆ ಕಾರು ಬಿಟ್ಟು ತಂಗುದಾಣಕ್ಕೆ ನಡೆದ.

ಆ ಹೆಂಗಸು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಗಂಡ ಅವಳ ಹೆಗಲಿಗೆ ಒರಗಿ ಏದುಸಿರು ಬಿಡುತ್ತಿದ್ದ. ಇಷ್ಟು ದಿನ ಕೈ ಮುಗಿಸಿಕೊಂಡವನು ಆವತ್ತು ಮೊದಲ ಸಲ ಅವಳ ಹೆಸರು ಕೇಳಿದ. ಕೆಂಪಾಜಮ್ಮ ಎಂದಳು.

“ಗೇಟಿನ ಹತ್ರ ಯಾಕಮ್ಮ ಬರ್ತಿಲ್ಲ?”

“ಈಗ ಅಲ್ಲೂ ನಿಲ್ಸಲ್ಲ ಬುದ್ಧಿ. ಇಲ್ಲಂತೂ ಯಾವತ್ತೂ ನಿಲ್ಸಿಲ್ಲ.”

“ಯಾವತ್ತೂ?”

“ಓಡ್ಬಂದು ನೇತಾಕ್ಕೊಳೋರು ಹತ್ಕೋತಾರೆ. ಇವ್ರು ಓಡಾರಾ? ಆಸ್ಪತ್ರೇಲಿ ಮಿಷಿನ್ನಿಗೆ ಹಾಕಿ ಇವ್ರ ರಕ್ತ ತೊಳೀಬೇಕು. ನೀವು ಕಾಪಿ ಕುಡಿಯೋಗಂಟ ಬಸ್ಸು ನಿಂತಿರದಲ್ವಾ, ಅಷ್ಟ್ರಲ್ಲಿ ಮೆಲ್ಲಗೆ ಹತ್ತಿಸ್ಕತಿದ್ದೆ. ಇನ್ನೊಂದು ಗುಟುಕು ಕುಡೀಲಿ ನನ್ನಪ್ಪ ಅಂತ ನಿಮ್ಗೆ ಕೈ ಮುಗೀತಿದ್ದೆ. ಮೊನ್ನೆ ಬಸ್ಸು ಸಿಗ್ನಿಲ್ಲ. ಇವತ್ತೂ ತಪ್ಪುದ್ರೆ ಇವ್ರು ನಂಗೆ ಉಳಿಯಾಕಿಲ್ಲ.”

ಕೇಳಿದಿರಾ? ಇನ್ನೊಂದು ಗುಟುಕು ಕುಡೀಲಿ ಅಂತ! ಅದನ್ನೇ ಅವನು ಇಷ್ಟು ದಿನ ಪ್ರೀತಿ ಅಂದುಕೊಂಡಿದ್ದ.

ಅಷ್ಟರಲ್ಲಿ ಬಸ್ಸು ಬಂತು. ಸಾಹುಕಾರ ಕೈ ಅಡ್ಡ ಹಿಡಿದ. ಬಸ್ಸು ನಿಲ್ಲಲಿಲ್ಲ! ಅವನದೇ ಬಸ್ಸು, ಹಿಂದಿದ್ದ ತಂಗುದಾಣದ ಮೇಲೆ ಅವನಪ್ಪನದೇ ಹೆಸರು, ಅವನ ಶಾಲಿನ ಮೇಲೇ ಧೂಳು ಹಾರಿಸಿಕೊಂಡು ಹೋಯಿತು. ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿ ಕಾರು ತಂದು, ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ಸಾಹುಕಾರ ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಡ್ರೈವರನನ್ನು ಹಿಡಿದ. ಡ್ರೈವರ್ ಬೆವರಿದ. “ಅಣ್ಣಾ, ನೀವಾ ಅಲ್ಲಿದ್ದದ್ದು? ನೀವು ಗೇಟಲ್ಲಿ ಇರೋರಲ್ವಾ! ಗೇಟಲ್ಲಿ ಹೋದ ಟೈಮನ್ನ ಸ್ಟಾಪಲ್ಲಿ ನಿಲ್ಲಿಸ್ದೆ ಹಿಡೀತಿದ್ದೆ. ಈಗ ಅದೇ ಅಭ್ಯಾಸ ಆಗೋಗಿದೆ. ಲೇಟಾದ್ರೆ ಬೈತೀರಿ. ಜನ ಬಿಟ್ಟು ಬಂದೆ ಅಂತ ಒಂದ್ಸಲ ಬೈದಿದ್ದೀರಾ?”

ಮರುದಿನದಿಂದ ಬಸ್ಸು ತಂಗುದಾಣದಲ್ಲಿ ನಿಲ್ಲತೊಡಗಿತು. ಸಾಹುಕಾರ ಕಾರು ಬಿಟ್ಟು ಅಲ್ಲಿಗೇ ನಡೆದುಹೋಗಿ, ಎಲ್ಲರೂ ಹತ್ತಿದ ಮೇಲೆ ತಾನು ಹತ್ತುತ್ತಿದ್ದ.

ಕಥೆ ಅವನದು, ಆಯಿತು. ನಿಮ್ಮ ಗೇಟಿನ ಮುಂದೆ ಯಾರು ನಿಂತಿದ್ದಾರೆ? ನಿಮ್ಮ ಕಚೇರಿ ಬಾಗಿಲಲ್ಲಿ? ನಿಮ್ಮ ಮನೆಯಲ್ಲಿ, ನೀವು ಉಂಡು ಏಳಲಿ ಎಂದು ಅಡುಗೆಮನೆಯಲ್ಲಿ ಹಸಿದು ಕಾಯುವವರು? ಕೈ ಮುಗಿದರು ಎಂದು ಹಿಗ್ಗಬೇಡಿ. “ಯಾಕೆ ನಿಂತಿದ್ದೀರಿ?” ಎಂದು ಕೇಳಿ. ನಾಳೆ ಬೆಳಗ್ಗೆ ಎದ್ದು ಒಬ್ಬರನ್ನಾದರೂ ಕೇಳಿ. ಉತ್ತರ ಗೊತ್ತು ಅಂದುಕೊಳ್ಳದೆ ಕೇಳಿ. ಕೇಳಿದ ಮೇಲೆ ನಿಮ್ಮ ಕಾಫಿ ಸ್ವಲ್ಪ ಆರಲಿ, ಪರವಾಗಿಲ್ಲ.

ಅಗೋ, ಹಿಂದಿನ ಸಾಲಿನಲ್ಲಿ ಚೀಲ ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ತಾಯಿ ಅರ್ಧ ಎದ್ದಿದ್ದಾರೆ. ಪ್ರವಚನ ಬೇಸರವಾಯಿತೇನೋ ಎಂದು ನೀವೆಲ್ಲ ತಿರುಗಿ ನೋಡುತ್ತಿದ್ದೀರಿ. ಯಾಕಮ್ಮಾ ಎದ್ದಿರಿ? … ಕೇಳಿಸಿತಾ ಎಲ್ಲರಿಗೂ? ಅವರೂರಿಗೆ ಈಗ ಹೊರಡುವುದೇ ಕೊನೆಯ ಬಸ್ಸಂತೆ. ಮುಖ್ಯ ಅತಿಥಿಗಳು ಬರಲಿ ಎಂದು ಇವತ್ತು ನಾವು ತಡವಾಗಿ ಶುರು ಮಾಡಿದ್ದು ನೆನಪಿದೆಯಲ್ಲ? ಪ್ರಸಾದ ಮೊದಲು ಆ ತಾಯಿಯ ಕೈಗೆ ಕೊಡಿ. ದಾರಿ ಬಿಡಿ, ಯಾರಾದರೂ ಮುಂದೆ ಓಡಿಹೋಗಿ ಬಸ್ಸಿಗೆ ಕೈ ಅಡ್ಡ ಹಿಡಿಯಿರಿ. ಅತಿಥಿಗಳ ಸನ್ಮಾನ ಆಮೇಲೆ ಮಾಡೋಣ.