ಸಭಾಭವನವೋ ಬಾಲವಾಡಿಯೋ

ವಿಮಾನ ನಗರದ ಬಸ್ ಸಾಲಿನಲ್ಲಿ ನನ್ನ ಮುಂದೆ ಕಟ್ಟಡ ಕೆಲಸದ ಗಂಡ ಹೆಂಡತಿ ನಿಂತಿದ್ದರು. ಕೂಸು ಅವಳ ಸೊಂಟದ ಮೇಲಿತ್ತು.

“ನಾ ನೀರಿಗೆ ಹೋದಾಗ ಆ ಪರದೇಶದವ್ರು ಏನ್ ಕೇಳಿದ್ರು?” ಎಂದಳು ಅವಳು.

“ನಿಮ್ಮ ಜೋಪಡಿ ವಸ್ತಿಗೆ ರೊಕ್ಕ ಕೊಡ್ತೀವಿ, ಮೊದಲ ಏನ್ ಕಟ್ಟಬೇಕು ಅಂದ್ರು. ಗಂಡಸ್ರೆಲ್ಲಾ ಸಭಾಭವನ ಅಂದ್ವಿ.”

“ಅಲ್ಲಿ ಕುಂತು ಏನ್ ಮಾಡ್ತೀರಿ?”

“ವಸ್ತಿಗೆ ಏನ್ ಬೇಕು ಅಂತ ಮಾತಾಡ್ತೀವಿ.”

“ಕೂಸುಗಳ್ನ ಬಿಟ್ಟು ಕೆಲಸಕ್ಕ ಹೋಗಾಕ ಬಾಲವಾಡಿ ಬೇಕ್ರಿ. ಇವ ನಡ್ಯಾಕ ಕಲ್ತಾನ. ನಿನ್ನೆ ಕಾಂಕ್ರೀಟ್ ಮಶೀನಿನ ತನಕಾ ಹೋಗಿದ್ದ.”

“ನಿನ್ನ ಯಾರ್ ಕೇಳ್ಯಾರ?”

“ಅವ್ರು ಇನ್ನೂ ವಸ್ತ್ಯಾಗ ಅದಾರೇನ್ರಿ?”

“ಚಾ ಕುಡ್ಯಾಕತ್ತಾರ.”

“ಹಂಗಾರ ಇವನ್ನ ಹಿಡೀರಿ. ನಾ ಹೇಳಿ ಬರ್ತೀನಿ.”

ಅವಳು ಹೊರಟಳು. ಬಸ್ಸು ಬಂತು. ಕೂಸು ಅಪ್ಪನ ಕೈಯಿಂದ ಜಾರಿ ರಸ್ತೆಯ ಕಡೆಗೇ ಓಡಿತು. ಅವನು ಹೇಗೋ ಅದರ ಅಂಗಿ ಹಿಡಿದು ಎಳೆದುಕೊಂಡ.

“ಸಾಬವ್ವ, ನಿಂದ್ರು. ನಾನೂ ಹೇಳ್ತೀನಿ,” ಎನ್ನುತ್ತ ವಸ್ತಿಯ ಕಡೆ ನಡೆದ.